ಕಾರಿಗೆ ಟರ್ಬೊ ಜೋಡಣೆ: ನಿಷ್ಕಾಸ ಮತ್ತು ಇಂಧನ ಭಾಗಗಳು

ಟರ್ಬೊ ಇಲ್ಲದೆ ತಯಾರಾದ ಎಂಜಿನ್ನಿಗೆ ಟರ್ಬೊಚಾರ್ಜರ್ ಕೂಡಿಸಿ, ಹೊಗೆ ಹೊರಹೋಗುವ ನಿಷ್ಕಾಸ ದಾರಿಯನ್ನೂ ಇಂಧನ ಒಳಬರುವ ದಾರಿಯನ್ನೂ ಅದಕ್ಕೆ ತಕ್ಕಂತೆ ಬದಲಿಸುವ ಕೆಲಸವನ್ನು ಟರ್ಬೊ ಜೋಡಣೆ ಎನ್ನುತ್ತಾರೆ. ಟರ್ಬೊಚಾರ್ಜರಿನಲ್ಲಿ ಒಂದೇ ದಂಡದ ಎರಡು ತುದಿಗಳಲ್ಲಿ ಎರಡು ಚಕ್ರಗಳಿರುತ್ತವೆ. ಸಿಲಿಂಡರಿನಿಂದ ಹೊರಬೀಳುವ ಬಿಸಿ ಹೊಗೆ ಟರ್ಬೈನ್ ಚಕ್ರವನ್ನು ತಿರುಗಿಸುತ್ತದೆ. ಅದರೊಂದಿಗೇ ತಿರುಗುವ ಕಂಪ್ರೆಸರ್ ಚಕ್ರ ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಎಂಜಿನ್ನಿಗೆ ತುಂಬುತ್ತದೆ. ಸಣ್ಣ ಕಾರುಗಳ ಟರ್ಬೊ ದಂಡ ನಿಮಿಷಕ್ಕೆ 2 ಲಕ್ಷ ಸುತ್ತು ದಾಟುವುದುಂಟು.

ಟರ್ಬೊ ಕೊಡುವುದು ಗಾಳಿಯನ್ನು ಮಾತ್ರ. ಶಕ್ತಿ ಬರುವುದು ಆ ಗಾಳಿಗೆ ಸರಿಯಾದ ಪ್ರಮಾಣದಲ್ಲಿ ಇಂಧನ ಸೇರಿದಾಗ. ಆ ಶಕ್ತಿಯ ಜೊತೆಗೆ ಶಾಖವೂ ಏರುತ್ತದೆ. ಹೀಗಾಗಿ ಜೋಡಣೆ ಬಾಳುವುದು ಅಥವಾ ಕೆಡುವುದು ಟರ್ಬೊದ ಗಾತ್ರಕ್ಕಿಂತ ಹೆಚ್ಚಾಗಿ ಶಾಖವನ್ನು ತಾಳುವ ನಿಷ್ಕಾಸ ಭಾಗಗಳನ್ನೂ, ಗಾಳಿಗೆ ಸಮನಾಗಿ ಇಂಧನ ಒದಗಿಸುವ ಭಾಗಗಳನ್ನೂ ಅವಲಂಬಿಸಿದೆ.

ಹಿನ್ನೆಲೆ

ಹೊಗೆಯ ಬಲದಿಂದ ಗಾಳಿ ತುಂಬುವ ಕಲ್ಪನೆಗೆ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಪಡೆದ. ಮೊದಲು ಅದು ನೆಲೆಗೊಂಡದ್ದು ಹಡಗಿನ ಡೀಸೆಲ್ ಎಂಜಿನ್ನುಗಳಲ್ಲಿ. ಮಾರಾಟದ ಕಾರುಗಳಲ್ಲಿ ಟರ್ಬೊ ಕಾಣಿಸಿಕೊಂಡದ್ದು 1962ರಲ್ಲಿ, ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಮತ್ತು ಷೆವರ್ಲೆ ಕಾರ್ವೇರ್ ಕಾರುಗಳ ಮೂಲಕ. ಭಾರತದಲ್ಲಿ ಲಾರಿ, ಬಸ್ಸು, ಜೀಪುಗಳ ಡೀಸೆಲ್ ಎಂಜಿನ್ನುಗಳಿಂದ ಬಳಕೆ ಹಬ್ಬಿತು. 2007ರಲ್ಲಿ ಬಂದ ಮಾರುತಿ ಸ್ವಿಫ್ಟಿನ 1.3 ಲೀಟರ್ ಡೀಸೆಲ್ ಎಂಜಿನ್ ಟರ್ಬೊವನ್ನು ಮಧ್ಯಮ ವರ್ಗದ ಮನೆಗೆ ತಂದಿತು. ಪೆಟ್ರೋಲಿನಲ್ಲಿ ಫಿಯೆಟ್ ಲಿನಿಯಾ ಟಿ-ಜೆಟ್ (2010), ಫೋಕ್ಸ್‌ವಾಗನ್ ಪೋಲೊ ಜಿಟಿ ಟಿಎಸ್‌ಐ (2013), ಟಾಟಾ ಜೆಸ್ಟ್ (2014), ಟಾಟಾ ನೆಕ್ಸಾನ್ (2017) ಕಾರ್ಖಾನೆಯಿಂದಲೇ ಟರ್ಬೊ ಹೊತ್ತು ಬಂದವು.

ಕರ್ನಾಟಕದಲ್ಲಿ ಇಂಧನ ಸಿಂಪಡಣೆಯ ತಂತ್ರಜ್ಞಾನಕ್ಕೆ ಹಳೆಯ ನೆಲೆಯಿದೆ. 1951ರಲ್ಲಿ ಆರಂಭವಾದ, ಬೆಂಗಳೂರಿನ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಜನರ ಬಾಯಿಯ ‘ಮೈಕೊ’, ಸ್ಪಾರ್ಕ್ ಪ್ಲಗ್ಗಿಗೂ ಡೀಸೆಲ್ ಪಂಪಿಗೂ ಹೆಸರಾಯಿತು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. ಸ್ವಂತವಾಗಿ ಟರ್ಬೊ ಕೂಡಿಸುವ ಹವ್ಯಾಸ ಬೆಳೆದದ್ದು ರೇಸು ಮತ್ತು ರ‍್ಯಾಲಿಗಳ ಆಸಕ್ತರ ನಡುವೆ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು, ಶಿವಾಜಿನಗರದ ಗುಜರಿ, ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತು ಇಂಥ ಕೆಲಸಕ್ಕೆ ಬೇಕಾದ ಸಾಮಾನು ಮತ್ತು ಕುಶಲ ಕೈಗಳು ಸಿಗುವ ತಾಣಗಳು.

ಬಯಲುಸೀಮೆಯ ಹವೆ ಮತ್ತು ಟರ್ಬೊ

ಕಾರು ಓಡುವ ಊರಿನ ಹವೆಯೂ ಜೋಡಣೆಯನ್ನು ಪ್ರಭಾವಿಸುತ್ತದೆ; ಕೊಣ್ಣೂರನ್ನು ಉದಾಹರಣೆಯಾಗಿ ನೋಡಬಹುದು. ಗದಗ ಜಿಲ್ಲೆಯ ನರಗುಂದ ತಾಲ್ಲೂಕಿನ ಈ ಊರು ಮಲಪ್ರಭೆಯ ದಂಡೆಯಲ್ಲಿ, ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಮೇಲಿದೆ. ಸುತ್ತ ಎರೆಮಣ್ಣಿನ ಬಯಲು. ಗೋವಿನಜೋಳ, ಕಡಲೆ, ಹತ್ತಿ, ಸೂರ್ಯಕಾಂತಿಯ ಹೊಲಗಳು. ಟ್ರ್ಯಾಕ್ಟರು, ಲಾರಿಗಳಿಂದಾಗಿ ಟರ್ಬೊ ಇಲ್ಲಿನ ಮಿಸ್ತ್ರಿಗಳಿಗೆ ಹೊಸದಲ್ಲ. ಆದರೆ ಸಣ್ಣ ಪೆಟ್ರೋಲ್ ಕಾರಿಗೆ ಅದನ್ನು ಕೂಡಿಸುವಾಗ ಈ ನೆಲದ ಎರಡು ಗುಣಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಮೊದಲನೆಯದು ದೂಳು. ಒಣಗಿದ ಎರೆಮಣ್ಣು ನುಣ್ಣಗಿನ ಪುಡಿಯಾಗಿ ಗಾಳಿಯಲ್ಲಿ ತೇಲುತ್ತದೆ. ಸುಗ್ಗಿಯಲ್ಲಿ ಅದಕ್ಕೆ ಹೊಟ್ಟೂ ಸೇರುತ್ತದೆ. ಲಕ್ಷ ಸುತ್ತಿನ ವೇಗದಲ್ಲಿರುವ ಅಲ್ಯೂಮಿನಿಯಂ ಕಂಪ್ರೆಸರ್ ಚಕ್ರವನ್ನು ಈ ಕಣಗಳು ಉಪ್ಪುಕಾಗದದಂತೆ ಉಜ್ಜಿ, ಎಸಳುಗಳ ಅಂಚನ್ನು ತಿನ್ನುತ್ತವೆ. ಆದ್ದರಿಂದ ಫಿಲ್ಟರ್ ಇಲ್ಲದ ಬರಿಯ ಕೊಳವೆಯಾಗಲಿ, ಬಾನೆಟ್ಟಿನೊಳಗೆ ತೆರೆದಿಟ್ಟ ಪುಟ್ಟ ಫಿಲ್ಟರಾಗಲಿ ಈ ಸೀಮೆಗೆ ಹೊಂದುವುದಿಲ್ಲ. ಮುಚ್ಚಿದ ಡಬ್ಬಿಯೊಳಗಿನ ದೊಡ್ಡ ಮೈಯ ಕಾಗದದ ಫಿಲ್ಟರ್ ಲೇಸು.

ಎರಡನೆಯದು ಬೇಸಿಗೆಯ ಶಾಖ. ಹೊರಗೆ 40 ಡಿಗ್ರಿ ಸೆಲ್ಸಿಯಸ್ ಇರುವಾಗ ಗಾಳಿಯನ್ನು ಒಂದೂವರೆ ಪಟ್ಟು ಒತ್ತಿದರೆ, 65 ಶೇಕಡಾ ದಕ್ಷತೆಯ ಕಂಪ್ರೆಸರಿನಿಂದ ಹೊರಬರುವ ಗಾಳಿ ಸುಮಾರು 100 ಡಿಗ್ರಿ ಮುಟ್ಟುತ್ತದೆ. ಬಿಸಿಗಾಳಿ ಹಗುರ, ಮೇಲಾಗಿ ಅದು ಪೆಟ್ರೋಲನ್ನು ಹೊತ್ತಿಗೆ ಮುಂಚೆ ಸಿಡಿಸುವ ನಾಕಿಂಗಿಗೆ ದಾರಿ. ಒತ್ತಿದ ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರ್ ಈ ಏರಿಕೆಯ ಮುಕ್ಕಾಲಿನಷ್ಟನ್ನು ಕಳೆದರೂ ಎಂಜಿನ್ನಿಗೆ ಹೋಗುವ ಗಾಳಿ 55 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಚಳಿಗಾಲದ ನಸುಕಿನಲ್ಲಿ ಸರಿಹೋದ ಹೊಂದಾಣಿಕೆ ಏಪ್ರಿಲ್ ಮಧ್ಯಾಹ್ನದಲ್ಲಿ ಎಂಜಿನ್ನನ್ನು ಕೆಡಿಸಬಲ್ಲದು ಎಂಬುದಕ್ಕೆ ಕಾರಣ ಇದೇ.

ನಿಷ್ಕಾಸ ಭಾಗಗಳು

ಮ್ಯಾನಿಫೋಲ್ಡ್. ಸಿಲಿಂಡರ್ ಹೆಡ್ಡಿನಿಂದ ಬರುವ ಹೊಗೆಯನ್ನು ಒಟ್ಟುಗೂಡಿಸಿ ಟರ್ಬೈನಿಗೆ ಮುಟ್ಟಿಸುವ ಭಾಗ. ಪೂರ್ಣ ಹೊರೆಯಲ್ಲಿ ಪೆಟ್ರೋಲ್ ಎಂಜಿನ್ನಿನ ಹೊಗೆ 850ರಿಂದ 950 ಡಿಗ್ರಿವರೆಗೆ ಕಾಯುತ್ತದೆ. ಡೀಸೆಲಿನಲ್ಲಿ 700–800 ಡಿಗ್ರಿ. ಜೊತೆಗೆ ಟರ್ಬೊದ ಐದಾರು ಕಿಲೋ ತೂಕವನ್ನೂ ಮ್ಯಾನಿಫೋಲ್ಡೇ ಹೊರಬೇಕು. ಕಾರ್ಖಾನೆಗಳು ಇದನ್ನು ಎರಕದ ಕಬ್ಬಿಣದಲ್ಲಿ ಮಾಡುತ್ತವೆ: ದಪ್ಪ, ಭಾರ, ಆದರೆ ಬಿರುಕು ಬಿಡುವುದು ಅಪರೂಪ. ಕೈಯಿಂದ ಮಾಡುವವರು ಸುಮಾರು 3 ಮಿ.ಮೀ. ದಪ್ಪದ ಉಕ್ಕಿನ ಅಥವಾ 304 ದರ್ಜೆಯ ಸ್ಟೇನ್‌ಲೆಸ್ ಕೊಳವೆ, ಬೆಂಡುಗಳನ್ನು ಕತ್ತರಿಸಿ, ಆರ್ಗನ್ ವೆಲ್ಡಿಂಗಿನಿಂದ ಕೂಡಿಸುತ್ತಾರೆ. ಸೈಲೆನ್ಸರ್ ಪೈಪಿನ ತೆಳು ತಗಡು ಈ ಜಾಗಕ್ಕೆ ಸಲ್ಲದು.

ಲೋಹದ ಹಿಗ್ಗುವಿಕೆ ಇಲ್ಲಿನ ಮುಖ್ಯ ಸಮಸ್ಯೆ. 300 ಮಿ.ಮೀ. ಉದ್ದದ ಸ್ಟೇನ್‌ಲೆಸ್ ಕೊಳವೆ 800 ಡಿಗ್ರಿ ಬಿಸಿಯೇರಿದರೆ 4 ಮಿ.ಮೀ.ಗೂ ಹೆಚ್ಚು ಬೆಳೆಯುತ್ತದೆ. ಒಂದು ಕಡೆ ಹೆಡ್ಡಿಗೆ ಬಿಗಿದು ಇನ್ನೊಂದು ಕಡೆ ಭಾರ ತೂಗುವ ಕೊಳವೆ ಪ್ರತಿ ಸಲ ಕಾದು ಆರುವಾಗ ವೆಲ್ಡಿನ ಅಂಚಿನಲ್ಲಿ ಬಳಲಿ, ಕಡೆಗೆ ಸೀಳುತ್ತದೆ. ಇದನ್ನು ತಡೆಯಲು ಟರ್ಬೊಗೆ ಎಂಜಿನ್ ಬ್ಲಾಕಿನಿಂದ ಪ್ರತ್ಯೇಕ ಆಸರೆ ಕೊಡುವುದು, ಹೆಡ್ಡಿಗೆ ಬಿಗಿಯುವ ದಪ್ಪ ಪಟ್ಟಿಯಾದ ಫ್ಲ್ಯಾಂಜನ್ನು ಸಿಲಿಂಡರುಗಳ ನಡುವೆ ಸೀಳಿಬಿಡುವುದು, ವೆಲ್ಡ್ ಮಾಡುವಾಗ ಕೊಳವೆಯೊಳಗೂ ಆರ್ಗನ್ ಹಾಯಿಸಿ ಬೆಸುಗೆಯ ಒಳಮೈ ಕರಕಾಗದಂತೆ ನೋಡಿಕೊಳ್ಳುವುದು ರೂಢಿ. ಫ್ಲ್ಯಾಂಜ್ 10–12 ಮಿ.ಮೀ. ದಪ್ಪವಿರಬೇಕು. ವೆಲ್ಡಿನ ಕಾವಿಗೆ ಅದು ಡೊಂಕಾಗುವುದರಿಂದ, ಕೆಲಸ ಮುಗಿದ ಮೇಲೆ ಲೇತಿನಲ್ಲೋ ಮಿಲ್ಲಿಂಗ್ ಯಂತ್ರದಲ್ಲೋ ಮಟ್ಟ ಮಾಡಿಸುವುದು ಅಗತ್ಯ.

ಪ್ಯಾಕಿಂಗ್ ಮತ್ತು ನಟ್ಟುಬೋಲ್ಟು. ಟರ್ಬೈನಿನ ಮುಂಚಿನ ಯಾವ ಸೋರಿಕೆಯೂ ಟರ್ಬೊ ತಿರುಗಿಸಬೇಕಾದ ಬಲವನ್ನು ಪೋಲು ಮಾಡುತ್ತದೆ. ಇಲ್ಲಿ ಹಲವು ಪದರದ ಉಕ್ಕಿನ ಪ್ಯಾಕಿಂಗನ್ನೇ ಹಾಕುತ್ತಾರೆ. ರಬ್ಬರು, ಕಾಗದ, ಸಿಲಿಕೋನ್ ಪೇಸ್ಟು ಉರಿದುಹೋಗುತ್ತವೆ. ಬೋಲ್ಟಿನ ಬದಲು ಸ್ಟಡ್ಡು, ಅದರ ಮೇಲೆ ತಾಮ್ರ ಲೇಪಿತ ಲಾಕ್ ನಟ್ಟು ಬಳಸಿದರೆ ಕಾವಿಗೆ ಸಡಿಲಾಗುವುದೂ ಕಚ್ಚಿಕೊಳ್ಳುವುದೂ ಕಡಿಮೆ. ಮೊದಲ ಕೆಲವು ಸಲ ಕಾದು ತಣಿದ ಮೇಲೆ ಎಲ್ಲ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು.

ವೇಸ್ಟ್‌ಗೇಟ್. ಬೂಸ್ಟ್, ಅಂದರೆ ಕಂಪ್ರೆಸರ್ ಕೊಡುವ ಹೆಚ್ಚುವರಿ ಒತ್ತಡ, ಗೊತ್ತುಮಾಡಿದ ಮಿತಿ ಮುಟ್ಟಿದಾಗ ಹೊಗೆಯ ಒಂದು ಪಾಲನ್ನು ಟರ್ಬೈನಿನ ಪಕ್ಕದಿಂದ ಹಾಯಿಸಿಬಿಡುವ ಬಾಗಿಲು ಇದು. ಸಣ್ಣ ಟರ್ಬೊಗಳಲ್ಲಿ ಇದು ಒಳಗೇ ಇರುತ್ತದೆ. ಅದನ್ನು ನಡೆಸುವ ಡಬ್ಬಿಯೊಳಗಿನ ಸ್ಪ್ರಿಂಗು ಬೂಸ್ಟಿನ ಕನಿಷ್ಠ ಮಟ್ಟವನ್ನು ನಿರ್ಧರಿಸುತ್ತದೆ. ಈ ಡಬ್ಬಿಗೆ ಹೋಗುವ ಸಣ್ಣ ರಬ್ಬರ್ ಕೊಳವೆ ಬಿಚ್ಚಿಕೊಂಡರೆ ಬಾಗಿಲು ತೆರೆಯುವುದೇ ಇಲ್ಲ. ಒತ್ತಡ ಅಂಕೆ ಮೀರಿ ಕ್ಷಣದಲ್ಲಿ ಪಿಸ್ಟನ್ ಒಡೆಯಬಹುದು. ಕೆಲವೇ ರೂಪಾಯಿಯ ಈ ಕೊಳವೆಯ ಕ್ಲಿಪ್ಪು ಇಡೀ ಜೋಡಣೆಯ ಅತಿ ಮುಖ್ಯ ಭಾಗಗಳಲ್ಲೊಂದು.

ಡೌನ್‌ಪೈಪ್ ಮತ್ತು ಸೈಲೆನ್ಸರ್. ಟರ್ಬೈನ್ ದಾಟಿದ ಹೊಗೆಗೆ ಎದುರೊತ್ತಡ ಕಡಿಮೆಯಿದ್ದಷ್ಟೂ ಟರ್ಬೊ ಬೇಗ ಎಚ್ಚರಗೊಳ್ಳುತ್ತದೆ. 1.2ರಿಂದ 1.6 ಲೀಟರಿನ ಎಂಜಿನ್ನಿಗೆ ಎರಡೂಕಾಲರಿಂದ ಎರಡೂವರೆ ಇಂಚು, ಅಂದರೆ 57–63 ಮಿ.ಮೀ. ವ್ಯಾಸ ಸಾಕು. ಎಂಜಿನ್ ತನ್ನ ರಬ್ಬರ್ ಮೌಂಟುಗಳ ಮೇಲೆ ಅಲುಗುತ್ತದೆ, ಸೈಲೆನ್ಸರ್ ಚಾಸಿಗೆ ತೂಗುತ್ತದೆ. ಇವೆರಡರ ನಡುವೆ ಹೆಣೆದ ಉಕ್ಕಿನ ಬೆಲ್ಲೋಸ್ ಇಲ್ಲದಿದ್ದರೆ ಎಳೆತವೆಲ್ಲ ಮ್ಯಾನಿಫೋಲ್ಡಿಗೆ ಬೀಳುತ್ತದೆ. ಆಮ್ಲಜನಕ ಸೆನ್ಸರನ್ನು ಟರ್ಬೈನಿನ ನಂತರ, ತುದಿ ಕೆಳಮುಖವಾಗಿ ಓರೆ ಇರುವಂತೆ ಕೂಡಿಸುತ್ತಾರೆ. ಆಗ ಹೊಗೆಯ ನೀರಿನಂಶ ಅದರಲ್ಲಿ ನಿಲ್ಲುವುದಿಲ್ಲ. ಹೊಗೆಯ ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ತೆಗೆದುಹಾಕುವುದು ಹಲವರ ಅಭ್ಯಾಸ. ಅದರಿಂದ ಸಿಗುವ ಲಾಭ ಅಲ್ಪ. ವಿಷಾನಿಲ ಮಾತ್ರ ಬಹಳ ಏರುತ್ತದೆ.

ಶಾಖದ ರಕ್ಷಣೆ ಮತ್ತು ಎಣ್ಣೆ. ಕೆಂಪಗೆ ಕಾಯುವ ಟರ್ಬೈನಿನ ಪಕ್ಕದಲ್ಲೇ ವೈರು, ಬ್ರೇಕಿನ ಕೊಳವೆ, ರೇಡಿಯೇಟರ್ ಹೋಸು ಇರುತ್ತವೆ. ತಗಡಿನ ತಡಿಕೆ ಮತ್ತು ಅದರ ಹಿಂದೆ ಗಾಳಿ ಆಡುವ ಅಂತರ ಇವಕ್ಕೆ ರಕ್ಷೆ. ಶಾಖ ತಡೆಯುವ ಪಟ್ಟಿ ಸುತ್ತುವುದೂ ಉಂಟು. ಆದರೆ ಎಣ್ಣೆ ನೆನೆದ ಪಟ್ಟಿ ಬೆಂಕಿಗೆ ಬತ್ತಿಯಾಗುತ್ತದೆ. ಟರ್ಬೊದ ಬೇರಿಂಗು ಎಂಜಿನ್ ಎಣ್ಣೆಯ ಪದರದ ಮೇಲೆ ತೇಲುತ್ತದೆ. ಒತ್ತಡದಿಂದ ಬರುವ ಎಣ್ಣೆಗೆ ಸಣ್ಣ ಕೊಳವೆ ಸಾಕು, ಹಿಂದಿರುಗುವ ನೊರೆಯೆಣ್ಣೆಗೆ ಮಾತ್ರ ಅಗಲವಾದ ದಾರಿ ಬೇಕು. ಆ ಕೊಳವೆ ಎಲ್ಲಿಯೂ ಮೇಲಕ್ಕೆ ಬಾಗದೆ ಇಳಿಜಾರಾಗಿ ಎಂಜಿನ್ ತಳದ ಎಣ್ಣೆತೊಟ್ಟಿಗೆ (ಸಂಪ್), ಎಣ್ಣೆಯ ಮಟ್ಟಕ್ಕಿಂತ ಮೇಲೆ, ಸೇರಬೇಕು. ಹೊಸ ಜೋಡಣೆಯಲ್ಲಿ ನೀಲಿ ಹೊಗೆ ಬಂದಾಗ ಟರ್ಬೊ ಸೀಲನ್ನು ಅನುಮಾನಿಸುವುದು ವಾಡಿಕೆ. ಬಹುಪಾಲು ದೋಷ ಈ ಇಳಿಜಾರಿನಲ್ಲಿರುತ್ತದೆ.

ಇಂಧನ ಭಾಗಗಳು

ಪ್ರಮಾಣದ ಲೆಕ್ಕ. ಶುದ್ಧ ಪೆಟ್ರೋಲಿನ ಒಂದು ಗ್ರಾಂ ಪೂರ್ತಿ ಉರಿಯಲು 14.7 ಗ್ರಾಂ ಗಾಳಿ ಬೇಕು. ಬೂಸ್ಟಿನಲ್ಲಿ ಓಡುವ ಎಂಜಿನ್ನಿಗೆ ಇದಕ್ಕಿಂತ ದಟ್ಟ ಮಿಶ್ರಣ, ಅಂದರೆ 11.5–12 ಗ್ರಾಂ ಗಾಳಿಗೆ ಒಂದು ಗ್ರಾಂ ಪೆಟ್ರೋಲ್, ಕೊಡುತ್ತಾರೆ. ಹೆಚ್ಚಿಗೆ ಹೋದ ಪೆಟ್ರೋಲ್ ಆವಿಯಾಗುವಾಗ ಸಿಲಿಂಡರನ್ನು ತಂಪುಮಾಡಿ ನಾಕಿಂಗ್ ತಡೆಯುತ್ತದೆ. ಮಿಸ್ತ್ರಿಗಳು ‘ಲೀನ್’ ಎನ್ನುವ ತೆಳು ಮಿಶ್ರಣ ಬೂಸ್ಟಿನಲ್ಲಿ ಕೆಲವೇ ಸೆಕೆಂಡು ಮುಂದುವರಿದರೂ ಪಿಸ್ಟನ್ನಿನ ತಲೆ ಕರಗಬಹುದು.

ಇಂಜೆಕ್ಟರ್. ಮಾರುತಿ ಎಸ್ಟೀಮಿನ 1.3 ಲೀಟರ್ ಎಂಪಿಎಫ್‌ಐ (ಸಿಲಿಂಡರಿಗೊಂದು ಇಂಜೆಕ್ಟರಿನ) ಎಂಜಿನ್ ಉದಾಹರಣೆಗೆ ಅನುಕೂಲ. ಅದರ ಮೂಲ ಶಕ್ತಿ 85 ಅಶ್ವಶಕ್ತಿ. ಟರ್ಬೊ ಇಲ್ಲದ ಎಂಜಿನ್ ಗಂಟೆಗೆ ಪ್ರತಿ ಅಶ್ವಶಕ್ತಿಗೆ ಸುಮಾರು 227 ಗ್ರಾಂ ಪೆಟ್ರೋಲ್ ಬಳಸುತ್ತದೆಂದೂ, ಇಂಜೆಕ್ಟರು 80 ಶೇಕಡಾ ಹೊತ್ತಿಗಿಂತ ಹೆಚ್ಚು ತೆರೆದಿರಬಾರದೆಂದೂ ಇಟ್ಟುಕೊಂಡರೆ ನಾಲ್ಕು ಇಂಜೆಕ್ಟರುಗಳಲ್ಲಿ ಪ್ರತಿಯೊಂದೂ ನಿಮಿಷಕ್ಕೆ ಸುಮಾರು 136 ಸಿ.ಸಿ. ಹರಿಸಬೇಕು. ಅರ್ಧ ಬಾರ್ ಬೂಸ್ಟಿನಿಂದ 120 ಅಶ್ವಶಕ್ತಿ ಪಡೆಯುವ ಗುರಿಯಿದ್ದರೆ, ದಟ್ಟ ಮಿಶ್ರಣದ ಕಾರಣ ಬಳಕೆ 272 ಗ್ರಾಮಿಗೆ ಏರಿ, ಪ್ರತಿ ಇಂಜೆಕ್ಟರಿನ ಹೊಣೆ 230 ಸಿ.ಸಿ. ಆಗುತ್ತದೆ. ಶಕ್ತಿ ಹೆಚ್ಚಿದ್ದು 41 ಶೇಕಡಾ, ಇಂಧನದ ಹರಿವು ಹೆಚ್ಚಬೇಕಾದದ್ದು ಸುಮಾರು 70 ಶೇಕಡಾ. ಒತ್ತಡ ಏರಿಸಿ ಹಳೆಯ ಇಂಜೆಕ್ಟರಿನಿಂದಲೇ ಕೆಲಸ ತೆಗೆಯುವ ಯತ್ನ ಇಲ್ಲಿ ನಿಲ್ಲುವುದಿಲ್ಲ: ಹರಿವು ಒತ್ತಡದ ವರ್ಗಮೂಲದಂತೆ ಏರುವುದರಿಂದ, 3 ಬಾರನ್ನು 4 ಮಾಡಿದರೂ ಸಿಗುವುದು 15 ಶೇಕಡಾ ಮಾತ್ರ.

ಪಂಪು ಮತ್ತು ಒತ್ತಡ ನಿಯಂತ್ರಕ. ಮೇಲೆ ಹೇಳಿದ 120 ಅಶ್ವಶಕ್ತಿಯ ಎಂಜಿನ್ ಪೂರ್ಣ ಹೊರೆಯಲ್ಲಿ ಗಂಟೆಗೆ 44 ಲೀಟರಿನಷ್ಟು ಪೆಟ್ರೋಲ್ ಕುಡಿಯುತ್ತದೆ. ಪಂಪಿನ ಮೇಲೆ ಬರೆದ ಹರಿವು ಎಷ್ಟು ಒತ್ತಡದಲ್ಲಿ ಅಳೆದದ್ದು ಎಂಬುದು ಮುಖ್ಯ. ಒತ್ತಡ ಏರಿದಂತೆ ಹರಿವು ಇಳಿಯುತ್ತದೆ. ಇಂಜೆಕ್ಟರಿನ ತುದಿಯಲ್ಲಿ ಬೂಸ್ಟ್ ಎದುರು ಒತ್ತುವುದರಿಂದ, ಇಂಜೆಕ್ಟರುಗಳಿಗೆ ಇಂಧನ ಹಂಚುವ ಕೊಳವೆಯ, ಅಂದರೆ ರೈಲಿನ, ಒತ್ತಡವೂ ಅಷ್ಟೇ ಏರದಿದ್ದರೆ ಸಿಂಪಡಣೆ ಕುಗ್ಗುತ್ತದೆ. ಹಿಂದಿರುಗುವ ಕೊಳವೆಯಿರುವ ಹಳೆಯ ಕಾರುಗಳಲ್ಲಿ ನಿಯಂತ್ರಕಕ್ಕೆ ಇನ್‌ಟೇಕ್ ಮ್ಯಾನಿಫೋಲ್ಡಿನಿಂದ ಸಣ್ಣ ಕೊಳವೆ ಬರುತ್ತದೆ; ಅರ್ಧ ಬಾರ್ ಬೂಸ್ಟಿಗೆ ಅರ್ಧ ಬಾರ್ ಇಂಧನ ಒತ್ತಡ ತಾನಾಗಿ ಸೇರುತ್ತದೆ. ಹೊಸ ಕಾರುಗಳಲ್ಲಿ ನಿಯಂತ್ರಕ ಟ್ಯಾಂಕಿನೊಳಗೇ ಇದ್ದು ಒತ್ತಡ ಸ್ಥಿರವಾಗಿರುತ್ತದೆ. ಅಲ್ಲಿ ಹೊಸ ನಿಯಂತ್ರಕವನ್ನೂ ಹಿಂದಿರುಗುವ ದಾರಿಯನ್ನೂ ಕೂಡಿಸಬೇಕು, ಇಲ್ಲವೇ ಇಂಜೆಕ್ಟರಿನ ಗಾತ್ರದಲ್ಲಿ ಆ ಕೊರತೆ ತುಂಬಬೇಕು.

ಇ20 ಪೆಟ್ರೋಲ್. 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ಬೆಂಗಳೂರಿನಲ್ಲಿ 2023ರ ಫೆಬ್ರುವರಿ 6ರಂದು ಇಂಡಿಯಾ ಎನರ್ಜಿ ವೀಕಿನಲ್ಲಿ ಚಾಲನೆ ದೊರೆಯಿತು. ಕೊಣ್ಣೂರಿಗೆ ಹತ್ತಿರದ ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಸಕ್ಕರೆ ಕಾರ್ಖಾನೆಗಳು ಎಥನಾಲಿನ ದೊಡ್ಡ ಮೂಲ. ಟರ್ಬೊ ಕಾರಿಗೆ ಎಥನಾಲಿನ ಒಂದು ಗುಣ ಒಳ್ಳೆಯದು: ಅದು ನಾಕಿಂಗ್ ತಡೆಯುತ್ತದೆ. ಆದರೆ ಅದಕ್ಕೆ ಬೇಕಾದ ಗಾಳಿ ಕಡಿಮೆ. ಇ20ರ ಸಮತೋಲ ಪ್ರಮಾಣ ಸುಮಾರು 13.5. ಅಷ್ಟೇ ಗಾಳಿಗೆ ತೂಕದಲ್ಲಿ 9 ಶೇಕಡಾದಷ್ಟು ಹೆಚ್ಚು ಇಂಧನ ಬೇಕಾಗುವುದರಿಂದ ಮೇಲಿನ 230 ಸಿ.ಸಿ. ಲೆಕ್ಕ 250ಕ್ಕೆ ಹತ್ತಿರವಾಗುತ್ತದೆ. ಎಥನಾಲ್ ಹಳೆಯ ರಬ್ಬರ್ ಹೋಸುಗಳನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ, ತೇವವನ್ನು ಹೀರಿ ಲೋಹಕ್ಕೆ ತುಕ್ಕು ತರುತ್ತದೆ. ಆದ್ದರಿಂದ ಇಂಧನ ಇಂಜೆಕ್ಷನ್ನಿಗೆಂದೇ ಮಾಡಿದ, ಎಥನಾಲ್ ತಾಳುವ ಹೋಸು ಮತ್ತು ಓ-ರಿಂಗುಗಳು ಅನಿವಾರ್ಯ. ಕಾರ್ಬೊರೇಟರ್ ಕಾಲದ ಹೋಸು 3–4 ಬಾರ್ ಒತ್ತಡಕ್ಕೆ ನಿಲ್ಲದು. ಕ್ಲಿಪ್ಪು ಹೋಸಿನ ಮೈ ಕೊರೆಯದ ದುಂಡು ಅಂಚಿನದಾಗಿರಬೇಕು. ಇಂಧನದ ದಾರಿ ಟರ್ಬೈನಿನ ಎದುರು ಬದಿಯಿಂದ ಸಾಗಬೇಕು.

ನಿಯಂತ್ರಣ. ಎಂಜಿನ್ನನ್ನು ನಿಯಂತ್ರಿಸುವ ಮೂಲ ಗಣಕ, ಅಂದರೆ ಇಸಿಯು, ಬೂಸ್ಟನ್ನು ಅರಿಯದು. ವಾತಾವರಣದ ಒತ್ತಡದವರೆಗಷ್ಟೇ ಅಳೆಯುವ ಅದರ ಮ್ಯಾಪ್ (ಮ್ಯಾನಿಫೋಲ್ಡ್ ಒತ್ತಡ) ಸೆನ್ಸರ್ ಅಲ್ಲಿಗೇ ನಿಂತುಬಿಡುತ್ತದೆ. 2–2.5 ಬಾರ್ ಅಳೆಯುವ ಸೆನ್ಸರೂ, ಮೂಲದ ಜೊತೆ ಕೂಡುವ ಪಿಗ್ಗಿಬ್ಯಾಕ್ ಅಥವಾ ಪೂರ್ಣ ಸ್ವತಂತ್ರ ಇಸಿಯುವೂ ಬೇಕಾಗುತ್ತವೆ. ಬೂಸ್ಟ್ ಏರಿದಂತೆ ಕಿಡಿಯ ಹೊತ್ತನ್ನು ತಡಮಾಡಬೇಕು. ಸ್ಪಾರ್ಕ್ ಪ್ಲಗ್ ಒಂದು ದರ್ಜೆ ತಣ್ಣನೆಯದಿದ್ದು, ಅದರ ಸಂದು 0.6–0.7 ಮಿ.ಮೀ.ಗೆ ಕಿರಿದಾಗಬೇಕು.

ಡೀಸೆಲ್ ಎಂಜಿನ್ನಿನ ವ್ಯತ್ಯಾಸ

ಡೀಸೆಲ್ ಎಂಜಿನ್ ಒಳಗೆಳೆಯುವುದು ಬರಿಯ ಗಾಳಿಯನ್ನು, ನಾಕಿಂಗಿನ ಭಯವಿಲ್ಲ. ಹೆಚ್ಚು ಗಾಳಿ ಇಲ್ಲಿ ಹೊಗೆಯನ್ನು ತಂಪಾಗಿಸುತ್ತದೆ, ಹೆಚ್ಚು ಡೀಸೆಲ್ ಬಿಸಿಯಾಗಿಸುತ್ತದೆ. ಪೆಟ್ರೋಲಿಗೆ ಇದು ತದ್ವಿರುದ್ಧ. ಹಳೆಯ ಜೀಪು, ಟ್ರ್ಯಾಕ್ಟರುಗಳ ಯಾಂತ್ರಿಕ ಪಂಪಿನಲ್ಲಿ ಬೂಸ್ಟಿನ ಒತ್ತಡಕ್ಕೆ ಸ್ಪಂದಿಸಿ ಡೀಸೆಲ್ ಏರಿಸುವ ಡಯಾಫ್ರಮ್ ಕೂಡಿಸಬಹುದು. ಅದಿಲ್ಲದೆ ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಹೆಚ್ಚಿಸಿದರೆ, ಟರ್ಬೊ ಎಚ್ಚರಗೊಳ್ಳುವ ಮೊದಲು ಕರಿಹೊಗೆ ಕಾರುತ್ತದೆ. ನೋಜಲ್ ಮತ್ತು ಪಂಪನ್ನು ಕ್ಯಾಲಿಬ್ರೇಷನ್ ಬೆಂಚಿನ ಮೇಲೆ ಹೊಂದಿಸುವುದೇ ಸರಿಯಾದ ದಾರಿ. ಸಾವಿರಾರು ಬಾರ್ ಒತ್ತಡದ ಕಾಮನ್ ರೈಲ್ ವ್ಯವಸ್ಥೆಯ ಕೊಳವೆಗಳನ್ನು ಮನೆಯಲ್ಲಿ ಬಿಚ್ಚುವುದು ಅಪಾಯ. ಆ ಒತ್ತಡದ ಸೂಜಿಧಾರೆ ಚರ್ಮವನ್ನು ತೂರಿ ಒಳಹೊಗುತ್ತದೆ.

ಜೋಡಣೆಯ ಕ್ರಮ ಮತ್ತು ಪರೀಕ್ಷೆ

ಕೆಲಸ ಶುರುವಾಗುವುದು ಎಂಜಿನ್ನಿನ ಆರೋಗ್ಯ ನೋಡುವುದರಿಂದ. ಸಿಲಿಂಡರುಗಳ ಕಂಪ್ರೆಷನ್ ಸಮನಾಗಿಲ್ಲದ ಎಂಜಿನ್ನಿಗೆ ಟರ್ಬೊ ಹೊರೆಯಾಗುತ್ತದೆ. ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ರೈಲಿನ ಒತ್ತಡ ಇಳಿಸಿ, ಬ್ಯಾಟರಿಯ ನೆಗೆಟಿವ್ ತುದಿ ಬಿಚ್ಚಿದ ಮೇಲೆಯೇ ಇಂಧನದ ಕೊಳವೆಗೆ ಕೈಹಾಕಬೇಕು. ವೆಲ್ಡಿಂಗ್ ಮತ್ತು ಇಂಧನದ ಕೆಲಸ ಒಂದೇ ಹೊತ್ತಿನಲ್ಲಿ, ಒಂದೇ ಜಾಗದಲ್ಲಿ ನಡೆಯಬಾರದು. ಒಣಪುಡಿಯ ಅಗ್ನಿಶಾಮಕ ಕೈಗೆಟುಕುವಂತಿರಬೇಕು.

ಇಂಧನ ಭಾಗಗಳನ್ನು ಮೊದಲು ಕೂಡಿಸಿ, ಬೂಸ್ಟ್ ಇಲ್ಲದೆಯೇ ಎಂಜಿನ್ ಸರಿಯಾಗಿ ಓಡುವುದನ್ನು ಖಚಿತಪಡಿಸಿಕೊಂಡ ಮೇಲೆ ಟರ್ಬೊ ಏರಿಸುವುದು ದೋಷ ಹುಡುಕಲು ಸುಲಭವಾದ ಕ್ರಮ. ನಿಷ್ಕಾಸದ ಸೋರಿಕೆ ನೋಡಲು ತಣ್ಣನೆಯ ಎಂಜಿನ್ನಿನ ಸೈಲೆನ್ಸರ್ ಬಾಯಿಗೆ ಬ್ಲೋವರಿನಿಂದ ಗಾಳಿ ಕೊಟ್ಟು ಕೂಡುಗಳಿಗೆ ಸಾಬೂನು ನೀರು ಹಚ್ಚುತ್ತಾರೆ. ಗುಳ್ಳೆ ಎದ್ದಲ್ಲಿ ಸೋರಿಕೆ. ಇಂಧನದ ಕೂಡುಗಳನ್ನು ಎಂಜಿನ್ ಚಾಲೂ ಮಾಡದೆ ಪಂಪು ಮಾತ್ರ ನಡೆಸಿ ಒಣಬಟ್ಟೆಯಿಂದ ಒರೆಸಿ ಪರೀಕ್ಷಿಸುತ್ತಾರೆ. ಮೊದಲ ಚಾಲನೆಗೆ ಮುನ್ನ ಕಿಡಿ ಮತ್ತು ಇಂಧನ ನಿಲ್ಲಿಸಿ ಸೆಲ್ಫ್ ಹೊಡೆದು ಟರ್ಬೊಗೆ ಎಣ್ಣೆ ತುಂಬಿಸಬೇಕು. ಬೂಸ್ಟನ್ನು 0.3 ಬಾರಿನಿಂದ ಶುರುಮಾಡಿ, ಮಿಶ್ರಣದ ಪ್ರಮಾಣ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರಿನ ಓದು ನೋಡುತ್ತ, ಶಕ್ತಿ ಅಳೆಯುವ ಡೈನೊ ಯಂತ್ರದ ಮೇಲೆ ಹಂತಹಂತವಾಗಿ ಏರಿಸುತ್ತಾರೆ. ಮೂಲ ಪಿಸ್ಟನ್ ಉಳಿಸಿಕೊಂಡ ಎಂಜಿನ್ನಿಗೆ ಅರ್ಧ ಬಾರ್ ಆಸುಪಾಸು ವಿವೇಕದ ಮಿತಿ.

ಕಾನೂನು

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನಂತೆ ಮಾಲೀಕರಿಗೆ 6 ತಿಂಗಳವರೆಗಿನ ಸೆರೆ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಹೊಗೆಯ ಮಿತಿಯನ್ನು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 115ನೇ ನಿಯಮವೂ, ಸೈಲೆನ್ಸರಿನ ಕಡ್ಡಾಯವನ್ನು 120ನೇ ನಿಯಮವೂ ಹೇಳುತ್ತವೆ. 2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್–6 ಮಾನದ ಕಾರುಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರನ್ನೂ ಸೆನ್ಸರುಗಳನ್ನೂ ಕಾರಿನ ಸ್ವಪರೀಕ್ಷಾ ವ್ಯವಸ್ಥೆಯೇ ಕಾಯುತ್ತದೆ. ಹೀಗಾಗಿ ಗದಗಿನ ಕೆಎ–26 ನೋಂದಣಿಯ ಕಾರಾಗಲಿ, ಬೆಂಗಳೂರಿನದಾಗಲಿ, ಸ್ವಂತವಾಗಿ ಟರ್ಬೊ ಕೂಡಿಸಿದರೆ ಸಾರ್ವಜನಿಕ ರಸ್ತೆಗೆ ಸಲ್ಲುವುದಿಲ್ಲ. ವಿಮೆಯ ಪರಿಹಾರಕ್ಕೂ ತೊಡಕಾಗುತ್ತದೆ. ಇಂಥ ಜೋಡಣೆಗೆ ಎಡೆಯಿರುವುದು ಮುಚ್ಚಿದ ಟ್ರ್ಯಾಕಿನ ಸ್ಪರ್ಧೆ, ಕಾಲೇಜುಗಳ ಪ್ರಯೋಗಶಾಲೆ ಮತ್ತು ಪರೀಕ್ಷಾ ಬೆಂಚುಗಳಲ್ಲಿ.